ನಾಬ್ ತಿರುವಿನ ಲೆಕ್ಕಾಚಾರ

ಮುಂಬಯಿಯ ಚರಣ್‌ಜಿತ್ ಸಿಂಗ್ 1982ರಲ್ಲಿ ಒಂದು ಎಲ್ಪಿ ರೆಕಾರ್ಡ್ ಹೊರತಂದರು. ಅದರ ಹೆಸರು ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ವರ್ಷಗಟ್ಟಲೆ ನುಡಿಸಿ ಪಳಗಿದ್ದ ಸಿಂಗ್ ಅವರ ಕೈಗೆ ಆಗ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು ಸಿಕ್ಕಿದ್ದವು: ಜುಪಿಟರ್-8, ಟಿಆರ್-808 ಮತ್ತು ಟಿಬಿ-303. ಲಲಿತ್, ತೋಡಿ, ಯಮನ್, ಮಾಲಕೌಂಸ್ ರಾಗಗಳನ್ನು ಅವರು ಈ ಮೂರರಲ್ಲೇ ಕಟ್ಟಿದರು. ರೆಕಾರ್ಡ್ ಹೆಚ್ಚು ಮಾರಾಟವಾಗಲಿಲ್ಲ. ಜನ ಅದನ್ನು ಮರೆತರು. ಐದು ವರ್ಷಗಳ ನಂತರ, 1987ರಲ್ಲಿ, ಶಿಕಾಗೋದ ಫ್ಯೂಚರ್ ಎಂಬ ತಂಡ ಅದೇ ಟಿಬಿ-303ರ ನಾಬ್‌ಗಳನ್ನು ಮನಬಂದಂತೆ ತಿರುಗಿಸುತ್ತಾ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರತಂದಿತು. ಅಲ್ಲಿಂದ ‘ಆ್ಯಸಿಡ್ ಹೌಸ್’ ಎಂಬ ನೃತ್ಯಸಂಗೀತದ ಅಲೆಯೇ ಎದ್ದಿತು. ಸಿಂಗ್ ಅವರ ರೆಕಾರ್ಡ್ 2010ರಲ್ಲಿ ಮರುಬಿಡುಗಡೆಯಾದಾಗ ಕೇಳಿದವರು ಬೆರಗಾದದ್ದು ಸಹಜ. ಶಿಕಾಗೋದಲ್ಲಿ ಹುಟ್ಟಿತೆಂದು ನಂಬಿದ್ದ ಸದ್ದು ಮುಂಬಯಿಯ ರಾಗಗಳ ಅಡಿಯಲ್ಲಿ ಮೊದಲೇ ಇತ್ತು.

ಆ ಸದ್ದಿನಲ್ಲಿ ಕಿವಿಗೆ ಮೊದಲು ತಾಕುವುದು ಸ್ವರವಲ್ಲ, ಸ್ವರದ ಬಣ್ಣ. ಪ್ರತಿ ಸ್ವರವೂ ಬಾಯಿ ತೆರೆದು ಮುಚ್ಚುತ್ತದೆ. ‘ಊ’ ಎಂದು ಆರಂಭವಾದದ್ದು ‘ಆ’ ಕಡೆ ಹೊರಳಿ ಮತ್ತೆ ‘ಊ’ಗೆ ಇಳಿಯುತ್ತದೆ. ಇದನ್ನು ಮಾಡುವುದು ಫಿಲ್ಟರ್ ಎಂಬ ಒಂದು ಭಾಗ, ಅದರ ಕಟ್‌ಆಫ್ ಎಂಬ ಒಂದು ನಾಬ್. ಯಾವುದೇ ಸ್ವರದೊಳಗೆ ಮೂಲ ಕಂಪನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತನದ ಅನುಸ್ವರಗಳಿರುತ್ತವೆ. ಕಟ್‌ಆಫ್ ಗೆರೆಯ ಕೆಳಗಿನವನ್ನು ಫಿಲ್ಟರ್ ಹಾಗೇ ಬಿಡುತ್ತದೆ, ಮೇಲಿನವನ್ನು ಅಡಗಿಸುತ್ತದೆ. ಗೆರೆ ಒಂದೇ ಕಡೆ ನಿಂತರೆ ಸದ್ದು ಮಂಕಾಗಿಯೋ ಹರಿತವಾಗಿಯೋ ಇದ್ದುಬಿಡುತ್ತದೆ. ಗೆರೆ ಚಲಿಸಿದರೆ ಮಾತ್ರ ಅದಕ್ಕೆ ಜೀವ.

ಜೀವ ಎಂಬ ಮಾತು ಕರ್ನಾಟಕದ ಸಂಗೀತಗಾರರಿಗೆ ಪರಿಚಿತವೇ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ನೂಲಿನೆಳೆ ಸರಿಸಿ ಜೀವಾಳಿ ಕೂಡಿಸುವವರು ಹುಡುಕುವುದು ಈ ಚಲನೆಯನ್ನೇ. ಮೀಟಿದ ತಂತಿಯಿಂದ ಅನುಸ್ವರಗಳು ಒಟ್ಟಿಗೆ ಬರದೆ ಒಂದರ ಹಿಂದೊಂದು ಮೇಲೆದ್ದು ಕಾಣಿಸಿಕೊಳ್ಳಬೇಕು, ಷಡ್ಜದ ಒಳಗಿಂದ ಗಾಂಧಾರ ತಾನಾಗಿ ಮೂಡಬೇಕು. ಸಿ.ವಿ. ರಾಮನ್ ಬೆಂಗಳೂರಿಗೆ ಬರುವ ಮೊದಲು, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ತಂಬೂರಿ ಮತ್ತು ವೀಣೆಯ ಕುದುರೆಗಳನ್ನು ಕುರಿತು ಒಂದು ಪ್ರಬಂಧ ಬರೆದರು. ಆಗಿನ ನಿಯಮದ ಪ್ರಕಾರ ಕೇಳಿಸಲೇಬಾರದ ಅನುಸ್ವರಗಳು ಈ ಬಾಗಿದ, ಅಗಲ ಕುದುರೆಯಿಂದ ಸ್ಪಷ್ಟವಾಗಿ ಹೊಮ್ಮುತ್ತವೆ ಎಂದು ಅದರಲ್ಲಿ ತೋರಿಸಿದರು. ಕಾಲದೊಂದಿಗೆ ಬದಲಾಗುವ ನಾದಗುಣ ಇಲ್ಲಿ ಮರ, ತಂತಿ, ನೂಲಿನ ಕೆಲಸ. ಅದನ್ನು ಅಂಕಿಗಳಲ್ಲಿ ಮಾಡಲು ಹೊರಟವರಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಅಂಕಿಗಳಿಗೆ ಮುನ್ನ ವಿದ್ಯುತ್ತಿನ ಕಾಲವೊಂದಿತ್ತು. ಕೆನಡಾದ ಹ್ಯೂ ಲೆ ಕೇನ್ 1940ರ ದಶಕದಲ್ಲೇ ‘ಎಲೆಕ್ಟ್ರಾನಿಕ್ ಸ್ಯಾಕ್‌ಬಟ್’ ಎಂಬ ವಾದ್ಯ ಮಾಡಿ, ಸದ್ದಿನ ಗುಣವನ್ನು ವೋಲ್ಟೇಜ್‌ನಿಂದ ನಿಯಂತ್ರಿಸಬಹುದೆಂದು ತೋರಿಸಿದ್ದರು. ಅದನ್ನು ಬಳಕೆಯ ವ್ಯವಸ್ಥೆಯಾಗಿ ಬೆಳೆಸಿದವರು ನ್ಯೂಯಾರ್ಕ್ ರಾಜ್ಯದ ಟ್ರೂಮನ್ಸ್‌ಬರ್ಗ್ ಎಂಬ ಪುಟ್ಟ ಊರಿನಲ್ಲಿ ಕಾರ್ಯಾಗಾರ ನಡೆಸುತ್ತಿದ್ದ ರಾಬರ್ಟ್ ಮೂಗ್. ಸಂಯೋಜಕ ಹರ್ಬರ್ಟ್ ಡಾಯ್ಚ್ ಜೊತೆ ಸೇರಿ 1964ರಲ್ಲಿ ಅವರು ವೋಲ್ಟೇಜ್ ನಿಯಂತ್ರಿತ ಘಟಕಗಳನ್ನು ಕಟ್ಟಿದರು. 1966ರಲ್ಲಿ ಅವರ ಹೊಸ ಫಿಲ್ಟರಿನ ಪೇಟೆಂಟ್ ಅರ್ಜಿ ಹೋಯಿತು, 1969ರಲ್ಲಿ ಮಂಜೂರಾಯಿತು. ಅದೇ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಒಂದು ಮೂಗ್ ಯಂತ್ರ ಜೋಡಿಸಿಕೊಟ್ಟರು. ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಪ್ರಯೋಗ ಮಾಡಿದರು.

ಮೂಗ್ ಅವರ ಫಿಲ್ಟರನ್ನು ಇಂದಿಗೂ ‘ಲ್ಯಾಡರ್’ ಎಂದೇ ಕರೆಯುತ್ತಾರೆ. ಟ್ರಾನ್ಸಿಸ್ಟರ್‌ಗಳ ಜೋಡಿಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ನಿಂತಿವೆ, ಜೋಡಿಗಳ ನಡುವೆ ನಾಲ್ಕು ಕಡೆ ಕೆಪಾಸಿಟರ್‌ಗಳಿವೆ. ಸದ್ದು ಪ್ರತಿ ಮೆಟ್ಟಿಲಿನಲ್ಲೂ ಒಂದಿಷ್ಟು ಸೋಸಿಹೋಗುತ್ತದೆ; ನಾಲ್ಕು ಮೆಟ್ಟಿಲು ದಾಟುವ ಹೊತ್ತಿಗೆ ಕಟ್‌ಆಫ್‌ನ ಮೇಲೆ ಸ್ಥಾಯಿಯೊಂದಕ್ಕೆ 24 ಡೆಸಿಬೆಲ್‌ನಷ್ಟು ಇಳಿದಿರುತ್ತದೆ. ಇದರ ಸೊಗಸೆಲ್ಲ ಇರುವುದು ನಿಯಂತ್ರಣದಲ್ಲಿ. ಏಣಿಯ ಬುಡದಿಂದ ಎಳೆಯುವ ಒಂದೇ ವಿದ್ಯುತ್ ಪ್ರವಾಹ ನಾಲ್ಕೂ ಮೆಟ್ಟಿಲುಗಳ ಕಟ್‌ಆಫ್ ಅನ್ನು ಒಟ್ಟಿಗೆ ಸರಿಸುತ್ತದೆ. ಟ್ರಾನ್ಸಿಸ್ಟರಿಗೆ ಕೊಡುವ ವೋಲ್ಟೇಜ್ ಸುಮಾರು 18 ಮಿಲಿವೋಲ್ಟ್ ಏರಿದರೆ ಆ ಪ್ರವಾಹ ಇಮ್ಮಡಿಯಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ಕಟ್‌ಆಫ್ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ. ಸಂಗೀತದ ಕಿವಿ ಕೇಳುವುದೂ ಹೀಗೆಯೇ, ಇಮ್ಮಡಿಗಳಲ್ಲಿ. ಸಂಗೀತಕ್ಕೆ ಬೇಕಾದ ಗಣಿತವನ್ನು ಸಿಲಿಕಾನ್ ತನ್ನ ಸ್ವಭಾವದಿಂದಲೇ, ಖರ್ಚಿಲ್ಲದೆ ಮಾಡಿಕೊಟ್ಟಿತು. ಮೂಗ್ ವ್ಯವಸ್ಥೆಯಲ್ಲಿ ಹೊರಗಿನಿಂದ ಕೊಡುವ ಒಂದು ವೋಲ್ಟ್ ಎಂದರೆ ಒಂದು ಸ್ಥಾಯಿ. ಆ ವೋಲ್ಟೇಜ್ ಕೈಯಿಂದ ಬರಲಿ, ಕೀಲಿಮಣೆಯಿಂದ ಬರಲಿ, ಸೆಕೆಂಡಿಗೆ ನೂರಾರು ಬಾರಿ ಕಂಪಿಸುವ ಇನ್ನೊಂದು ಆಸಿಲೇಟರಿನಿಂದಲೇ ಬರಲಿ, ಫಿಲ್ಟರಿಗೆ ಒಂದಿಷ್ಟೂ ಹೆಚ್ಚುವರಿ ಶ್ರಮವಿಲ್ಲ.

ಡಿಜಿಟಲ್ ಜಗತ್ತಿನಲ್ಲಿ ಪ್ರತಿಯೊಂದಕ್ಕೂ ಬೆಲೆಯಿದೆ.

ಸಿ.ಡಿ. ಗುಣಮಟ್ಟದ ಸದ್ದಿನಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್‌ಗಳು, ಅಂದರೆ ಸದ್ದಿನ ಅಳತೆಗಳು. ಒಂದು ಸ್ಯಾಂಪಲ್‌ಗೆ ಸಿಗುವ ಸಮಯ ಸುಮಾರು 22.7 ಮೈಕ್ರೋಸೆಕೆಂಡ್. ಆ ಗಳಿಗೆಯೊಳಗೆ ಹಳೆಯ ಸ್ಯಾಂಪಲ್‌ಗಳನ್ನು ನೆನಪಿನಿಂದ ತೆಗೆದು, ಸಹಗುಣಕಗಳಿಂದ ಗುಣಿಸಿ, ಕೂಡಿ, ಹೊಸ ಸ್ಯಾಂಪಲ್ ಕೊಡಬೇಕು. ‘ಬೈಕ್ವಾಡ್’ ಎಂಬ ಸಾಮಾನ್ಯ ರೂಪದ ಫಿಲ್ಟರಿಗೆ ಐದು ಗುಣಾಕಾರ, ನಾಲ್ಕು ಸಂಕಲನ ಸಾಕು. ಲ್ಯಾಡರಿನ ಕಡಿದಾದ ಇಳಿಜಾರು ಬೇಕೆಂದರೆ ಎರಡು ಬೈಕ್ವಾಡ್. ಎಂಟು ಸ್ವರ ಏಕಕಾಲಕ್ಕೆ ನುಡಿಸಬೇಕೆಂದರೆ ಸೆಕೆಂಡಿಗೆ 35 ಲಕ್ಷಕ್ಕೂ ಹೆಚ್ಚು ಗುಣಾಕಾರ. ಇಷ್ಟೆಲ್ಲ ಕಟ್‌ಆಫ್ ಕದಲದೆ ನಿಂತಿರುವಾಗಿನ ಲೆಕ್ಕ. ಕದಲಿಸಿದರೆ ಆ ಐದೂ ಸಹಗುಣಕಗಳನ್ನು ಹೊಸದಾಗಿ ಹುಡುಕಬೇಕು. ಅದಕ್ಕೆ ಒಂದು ಸೈನ್, ಒಂದು ಕೊಸೈನ್, ಒಂದು ಭಾಗಾಕಾರ. ಸ್ಥಾಯಿಯ ಲೆಕ್ಕದಿಂದ ಹರ್ಟ್ಸ್‌ಗೆ ಬರಲು ಎರಡರ ಘಾತ ಬೇರೆ. ಸೋಸುವ ಕೆಲಸಕ್ಕಿಂತ ಹೇಗೆ ಸೋಸಬೇಕೆಂದು ನಿರ್ಧರಿಸುವ ಕೆಲಸವೇ ಹಲವು ಪಟ್ಟು ದುಬಾರಿಯಾಯಿತು.

ಮೊದಮೊದಲ ಡಿಜಿಟಲ್ ವಾದ್ಯಗಳು ಈ ಹೊರೆಯನ್ನು ಹೊರಲೇ ಇಲ್ಲ. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಜಗತ್ತಿನಾದ್ಯಂತ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅದರಲ್ಲಿ ಫಿಲ್ಟರೇ ಇರಲಿಲ್ಲ. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಕಂಡುಹಿಡಿದಿದ್ದ ಎಫ್ಎಂ ವಿಧಾನದಲ್ಲಿ ಒಂದು ಸೈನ್ ಅಲೆ ಇನ್ನೊಂದರ ಆವರ್ತನವನ್ನು ಅಲುಗಿಸಿ ಅನುಸ್ವರಗಳನ್ನು ಹುಟ್ಟಿಸುತ್ತದೆ. ಅಲುಗಿಸುವ ಬಲ ಹೆಚ್ಚು ಕಡಿಮೆ ಮಾಡಿದರೆ ಸದ್ದು ಹರಿತವಾಗುತ್ತದೆ, ಮಂಕಾಗುತ್ತದೆ. ಫಿಲ್ಟರಿಲ್ಲದೆಯೇ ಫಿಲ್ಟರಿನ ಫಲ. ಇನ್ನು ಕೆಲವರು ಮಧ್ಯದ ದಾರಿ ಹಿಡಿದರು. ಪಿಪಿಜಿ ವೇವ್, ಇಮ್ಯುಲೇಟರ್ 2, ಎನ್ಸೋನಿಕ್ ಇಎಸ್‌ಕ್ಯೂ-1 ಇವೆಲ್ಲ ಸ್ವರವನ್ನು ಅಂಕಿಗಳಲ್ಲಿ ಹುಟ್ಟಿಸಿ, ಸೋಸುವುದನ್ನು ಮಾತ್ರ ಹಳೆಯ ಅನಲಾಗ್ ಚಿಪ್‌ಗಳಿಗೆ ಬಿಟ್ಟವು. ಕೊಮೊಡೋರ್ 64 ಕಂಪ್ಯೂಟರಿಗಾಗಿ ಬಾಬ್ ಯಾನಿಸ್ ರೂಪಿಸಿದ ಸಿಡ್ ಚಿಪ್ ಕೂಡ ಇದೇ ಬಗೆಯದು. ಅದರ ಕಟ್‌ಆಫ್ 11 ಬಿಟ್‌ನದ್ದು, ಅಂದರೆ 2,048 ಹಂತಗಳು. ಆದರೆ ಸೋಸುವ ಸರ್ಕಿಟ್ ಅನಲಾಗ್ ಆದ್ದರಿಂದ ಒಂದು ಚಿಪ್‌ನಂತೆ ಇನ್ನೊಂದು ಕೇಳಿಸುತ್ತಿರಲಿಲ್ಲ. 1988ರ ಕೋರ್ಗ್ ಎಂ1 ಪೂರ್ತಿ ಡಿಜಿಟಲ್ ಫಿಲ್ಟರ್ ತಂದಿತು. ಆದರೆ ಕಟ್‌ಆಫ್ ಗೆರೆಯ ಬಳಿಯ ಅನುಸ್ವರಗಳನ್ನು ಎತ್ತಿ ತೋರಿಸುವ ರೆಸೊನೆನ್ಸ್ ಅದರಲ್ಲಿರಲಿಲ್ಲ. ಟಿಬಿ-303ರ ಆ ತೆರೆದು ಮುಚ್ಚುವ ಬಾಯಿಗೆ ಕಾರಣವಾದ ಗುಣವೇ ಅದು. ಆ ದಶಕದ ಅತಿ ಜನಪ್ರಿಯ ಕೀಬೋರ್ಡ್‌ಗಳಲ್ಲಿ ಒಂದು, ಮೂಗ್ ಇಪ್ಪತ್ತು ವರ್ಷದ ಹಿಂದೆಯೇ ಮಾಡಿದ್ದನ್ನು ಮಾಡಲಾರದೆ ಹೋಯಿತು.

ಸಂಶೋಧಕರ ಪ್ರಯೋಗಶಾಲೆಗಳಲ್ಲಿ ಸಮಯದ ಒತ್ತಡ ಕಡಿಮೆ. ಒಂದು ನಿಮಿಷದ ಸಂಗೀತಕ್ಕೆ ಕಂಪ್ಯೂಟರ್ ಗಂಟೆಗಟ್ಟಲೆ ತೆಗೆದುಕೊಂಡರೂ ಅವರು ಕಾಯಬಲ್ಲವರಾಗಿದ್ದರು. ಅಲ್ಲಿಯೂ ಉಳಿತಾಯದ ಯೋಚನೆ ಬೇಗನೆ ಬಂತು. ಎಂಐಟಿಯ ಬ್ಯಾರಿ ವೆರ್ಕೋ 1970ರ ದಶಕದಲ್ಲಿ ಪಿಡಿಪಿ-11 ಕಂಪ್ಯೂಟರಿಗಾಗಿ ಬರೆದ ‘ಮ್ಯೂಸಿಕ್ 11’ ಭಾಷೆಯಲ್ಲಿ ಎರಡು ಗತಿಗಳನ್ನು ಬೇರ್ಪಡಿಸಿದರು. ಕೇಳುವ ಸದ್ದು ಸ್ಯಾಂಪಲ್ ಗತಿಯಲ್ಲಿ ನಡೆಯಲಿ, ಆ ಸದ್ದನ್ನು ನಿಯಂತ್ರಿಸುವ ಬೆಲೆಗಳು ನಿಧಾನಗತಿಯಲ್ಲಿ ನಡೆಯಲಿ ಎಂಬುದು ಅವರ ಹಂಚಿಕೆ. 1986ರ ‘ಸಿಸೌಂಡ್’ ಭಾಷೆಗೂ ಇದೇ ಅಡಿಪಾಯವಾಯಿತು. ಹತ್ತು ಸ್ಯಾಂಪಲ್‌ಗೊಮ್ಮೆ ಕಟ್‌ಆಫ್ ಲೆಕ್ಕ ಹಾಕಿದರೆ ದುಬಾರಿ ಕೆಲಸ ಸೆಕೆಂಡಿಗೆ 4,410 ಬಾರಿ ಮಾತ್ರ. ಮನುಷ್ಯನ ಕೈ ಅದಕ್ಕಿಂತ ವೇಗವಾಗಿ ತಿರುಗುವುದೇ ಇಲ್ಲ. ಇದು ಇಂದಿಗೂ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಉಪಾಯ. 1996ರ ‘ಸೂಪರ್‌ಕೊಲೈಡರ್’ ತಂತ್ರಾಂಶ 64 ಸ್ಯಾಂಪಲ್‌ಗಳ ಕಟ್ಟಿಗೊಮ್ಮೆ ನಿಯಂತ್ರಣದ ಬೆಲೆ ನೋಡುತ್ತದೆ. ಹಳೆಯ ಸಹಗುಣಕದಿಂದ ಹೊಸದಕ್ಕೆ ನೇರ ಗೆರೆಯಲ್ಲಿ, ಸ್ಯಾಂಪಲ್‌ಗೆ ಒಂದೊಂದು ಚಿಕ್ಕ ಸಂಕಲನ ಮಾಡುತ್ತಾ ಸಾಗುತ್ತದೆ.

ಆ ನೇರ ಗೆರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1980ರ ದಶಕದ ವಾದಕರು ಕಿವಿಯಾರೆ ಕೇಳಿದ್ದಾರೆ. ವಾದ್ಯಗಳನ್ನು ಪರಸ್ಪರ ಜೋಡಿಸುವ ಮಿಡಿ ಪದ್ಧತಿ 1983ರಲ್ಲಿ ಬಂದಾಗ ನಾಬಿನ ಬೆಲೆ 0ಯಿಂದ 127ರವರೆಗೆ ಎಂದು ಗೊತ್ತಾಯಿತು. ಮನುಷ್ಯ ಕೇಳಬಲ್ಲ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಹರವು ಸುಮಾರು ಹತ್ತು ಸ್ಥಾಯಿ. ಅದನ್ನು 127 ಹಂತಕ್ಕೆ ಹಂಚಿದರೆ ಒಂದೊಂದು ಹಂತವೂ ಹತ್ತಿರ ಹತ್ತಿರ ಅರ್ಧ ಸ್ವರದಷ್ಟು ದೊಡ್ಡದು, ಷಡ್ಜದಿಂದ ಶುದ್ಧ ರಿಷಭಕ್ಕೆ ಇರುವಷ್ಟು. ರೆಸೊನೆನ್ಸ್ ಏರಿಸಿ ನಾಬ್ ತಿರುಗಿಸಿದರೆ ಜಾರುವ ಸದ್ದಿನ ಬದಲು ಒಂದೊಂದು ಮೆಟ್ಟಿಲೂ ಬೇರೆ ಬೇರೆಯಾಗಿ ಕೇಳುತ್ತದೆ. ಎಂಜಿನಿಯರುಗಳು ಇದಕ್ಕೆ ‘ಜಿಪ್ಪರ್ ನಾಯ್ಸ್’ ಎಂದು ಹೆಸರಿಟ್ಟರು. ಪರಿಹಾರವಾಗಿ ನಾಬಿನಿಂದ ಬರುವ ಬೆಲೆಯನ್ನೇ ಒಂದು ಪುಟ್ಟ ಫಿಲ್ಟರಿನಲ್ಲಿ ಹಾಯಿಸಿ ಮೆಟ್ಟಿಲುಗಳನ್ನು ಉಜ್ಜಿ ನಯಗೊಳಿಸಿದರು. ಫಿಲ್ಟರನ್ನು ನಡೆಸಲು ಇನ್ನೊಂದು ಫಿಲ್ಟರ್ ಬೇಕಾಯಿತು.

ಇಷ್ಟಾದರೂ ಸಮಸ್ಯೆಯ ಬೇರು ಅಲ್ಲಿರಲಿಲ್ಲ. ಬೈಕ್ವಾಡ್‌ನ ನೇರ ರೂಪದಲ್ಲಿ ಕಟ್‌ಆಫ್ ಎಂಬುದು ಎಲ್ಲೂ ತಾನಾಗಿ ನಿಂತಿಲ್ಲ. ಅದು ಕೊಸೈನ್‌ನ ಒಳಗೆ ಅಡಗಿ, ಬೇರೆ ಬೆಲೆಗಳೊಂದಿಗೆ ಬೆರೆತು ಕೂತಿದೆ. ರೆಸೊನೆನ್ಸ್ ಪೂರ್ತಿ ಏರಿಸಿದಾಗ ಒಂದು ಮುಖ್ಯ ಸಹಗುಣಕ ಕೊಸೈನ್‌ನ ಎರಡರಷ್ಟಿರುತ್ತದೆ. ಕಟ್‌ಆಫ್ 100 ಹರ್ಟ್ಸ್ ಇದ್ದಾಗ ಅದರ ಬೆಲೆ 1.999797, 110 ಹರ್ಟ್ಸ್‌ಗೆ ಹೋದಾಗ 1.999754. ವ್ಯತ್ಯಾಸ 0.000043ರಷ್ಟು. 16 ಬಿಟ್‌ಗಳಲ್ಲಿ ಇಂಥ ಅಂಕಿಯನ್ನು ಬರೆದಿಡುವಾಗ ಅತಿ ಚಿಕ್ಕ ಹಂತವೇ 0.000061. ಅಂದರೆ ನೂರರಿಂದ ನೂರಹತ್ತಕ್ಕೆ ಹೋಗುವ ಇಡೀ ಪಯಣ, ಸುಮಾರು ಒಂದೂವರೆ ಅರ್ಧಸ್ವರದಷ್ಟು ದೂರ, ಒಂದೇ ಒಂದು ಹಂತದೊಳಗೆ ಮುಳುಗಿಹೋಗುತ್ತದೆ. ಮಂದ್ರದಲ್ಲಿ ಕಟ್‌ಆಫ್ ಜಾರಿಸಿದರೆ ಅದು ಕುಂಟುತ್ತದೆ. ಜೊತೆಗೆ ಫಿಲ್ಟರಿನ ನೆನಪಿನಲ್ಲಿರುವ ಹಳೆಯ ಬೆಲೆಗಳು ಹಳೆಯ ಸಹಗುಣಕಗಳಿಗೆ ತಕ್ಕ ಅಳತೆಯವು. ಸಹಗುಣಕ ಥಟ್ಟನೆ ಬದಲಾದಾಗ ಅವು ಹೊಂದುವುದಿಲ್ಲ. ಸದ್ದು ಚಿಟ್ಟೆನ್ನುತ್ತದೆ, ಕೆಲವೊಮ್ಮೆ ಸ್ಫೋಟಿಸಿಯೇ ಬಿಡುತ್ತದೆ. ನಿಂತಾಗ ಪ್ರತಿ ಸ್ಥಿತಿಯಲ್ಲೂ ಸುಭದ್ರವಾಗಿರುವ ಫಿಲ್ಟರ್ ಚಲಿಸುವಾಗ ಭದ್ರವಾಗಿರಬೇಕಿಲ್ಲ ಎಂಬ ಈ ವಿಚಾರವನ್ನು ಜಾನ್ ಲಾರೋಶ್ 2007ರಲ್ಲಿ ಗಣಿತದ ಚೌಕಟ್ಟಿಗೆ ತಂದು ಪರೀಕ್ಷಿಸಿದರು.

ಹಾಗಾದರೆ ಬೇಕಾದದ್ದು ಇನ್ನೂ ವೇಗದ ಚಿಪ್ ಅಲ್ಲ, ಬೇರೊಂದು ರೂಪ. ಇದನ್ನು ಬಹಳ ಬೇಗ ಕಂಡವರಲ್ಲಿ ಹಾಲ್ ಚೇಂಬರ್ಲಿನ್ ಒಬ್ಬರು. 1980ರಲ್ಲಿ ಪ್ರಕಟವಾದ ಅವರ ‘ಮ್ಯೂಸಿಕಲ್ ಅಪ್ಲಿಕೇಶನ್ಸ್ ಆಫ್ ಮೈಕ್ರೋಪ್ರೊಸೆಸರ್ಸ್’ ಈ ಕ್ಷೇತ್ರದ ದೊಡ್ಡ ಪುಸ್ತಕಗಳಲ್ಲೊಂದು. ಮನೆಯಲ್ಲಿ ಕೂತು ಕಂಪ್ಯೂಟರಿನಿಂದ ಸಂಗೀತ ಹೊರಡಿಸಬೇಕೆಂದಿದ್ದ ಹವ್ಯಾಸಿಗಳಿಗಾಗಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದದ್ದು. ಅನಲಾಗ್ ಎಂಜಿನಿಯರುಗಳು 1967ರಿಂದ ಬಳಸುತ್ತಿದ್ದ ‘ಸ್ಟೇಟ್ ವೇರಿಯಬಲ್’ ಎಂಬ ಫಿಲ್ಟರಿನ ಅಂಕಿ ರೂಪವನ್ನು ಚೇಂಬರ್ಲಿನ್ ಅದರಲ್ಲಿ ಕೊಟ್ಟರು. ಆ ಅನಲಾಗ್ ಸರ್ಕಿಟ್‌ನಲ್ಲಿ ಎರಡು ಇಂಟಿಗ್ರೇಟರ್‌ಗಳಿವೆ. ಅಂದರೆ ಬಂದದ್ದನ್ನು ಕೂಡಿಟ್ಟುಕೊಳ್ಳುತ್ತಾ ಹೋಗುವ ಎರಡು ಘಟಕಗಳು. ಎಷ್ಟು ವೇಗವಾಗಿ ಕೂಡಿಟ್ಟುಕೊಳ್ಳುತ್ತವೆ ಎಂಬುದೇ ಕಟ್‌ಆಫ್.

ಪ್ರೋಗ್ರಾಮಿನಲ್ಲಿ ಅದು ಮೂರು ಸಾಲು. ಕೆಳಗಿನ ಆವರ್ತನದ ಬೆಲೆಗೆ ನಡುವಿನ ಬೆಲೆಯ ಎಫ್‌ನಷ್ಟು ಕೂಡು. ಒಳಬಂದ ಸದ್ದಿನಿಂದ ಕೆಳಗಿನದನ್ನೂ, ರೆಸೊನೆನ್ಸ್‌ಗೆ ತಕ್ಕಷ್ಟು ನಡುವಿನದನ್ನೂ ಕಳೆದು ಮೇಲಿನದನ್ನು ಪಡೆ. ನಡುವಿನದಕ್ಕೆ ಮೇಲಿನದರ ಎಫ್‌ನಷ್ಟು ಕೂಡು. ಗುಣಾಕಾರಗಳು ಮೂರೇ, ಹೊರಡುವ ಸದ್ದುಗಳೂ ಮೂರು ಬಗೆಯವು. ಕಟ್‌ಆಫ್ ಇಲ್ಲಿ ಎಫ್ ಎಂಬ ಒಂದೇ ಅಂಕಿ. ರೆಸೊನೆನ್ಸ್ ಬೇರೆ ಒಂದು ಅಂಕಿ. ಒಂದನ್ನು ತಿರುಗಿಸಿದರೆ ಇನ್ನೊಂದನ್ನು ಮುಟ್ಟಬೇಕಿಲ್ಲ. ಹಿಂದಿನ ಉದಾಹರಣೆಯನ್ನೇ ಇಲ್ಲಿಟ್ಟು ನೋಡಿದರೆ 100 ಹರ್ಟ್ಸ್‌ಗೆ ಎಫ್ ಬೆಲೆ 0.014247, 110ಕ್ಕೆ 0.015672. ಅದೇ 16 ಬಿಟ್‌ಗಳಲ್ಲಿ ಇವುಗಳ ನಡುವೆ ಇಪ್ಪತ್ತಕ್ಕೂ ಹೆಚ್ಚು ಹಂತಗಳಿಗೆ ಜಾಗವಿದೆ. ಮಂದ್ರದಲ್ಲಿ ಸೈನ್ ಬೆಲೆ ಕೋನಕ್ಕೆ ಎಷ್ಟು ಹತ್ತಿರವೆಂದರೆ ಸೈನ್ ಲೆಕ್ಕ ಹಾಕುವುದೇ ಬೇಡ, ಒಂದು ಗುಣಾಕಾರ ಸಾಕು. ಮೂಗ್ ಏಣಿಯ ಬುಡದಲ್ಲಿದ್ದ ಆ ಒಂದು ಪ್ರವಾಹಕ್ಕೆ ಸರಿಸಾಟಿಯಾದ ಒಂದು ಅಂಕಿ ಡಿಜಿಟಲ್‌ಗೂ ಸಿಕ್ಕಿತ್ತು. ಈ ಮೂರು ಸಾಲುಗಳು ಸಿಂಥಸೈಸರ್ ಇತಿಹಾಸದಲ್ಲಿ ಯಾವ ಹೆಸರಾಂತ ಯಂತ್ರಕ್ಕೂ ಕಡಿಮೆಯಿಲ್ಲದ ಆವಿಷ್ಕಾರ.

ಕೊರತೆಯೂ ಇತ್ತು. ಎಫ್ ಒಂದನ್ನು ಮುಟ್ಟುವುದು ಸ್ಯಾಂಪಲ್ ದರದ ಆರನೇ ಒಂದರಲ್ಲಿ, ಅಂದರೆ 44,100ರ ದರದಲ್ಲಿ 7,350 ಹರ್ಟ್ಸ್‌ನಲ್ಲಿ. ಅಲ್ಲಿಂದಾಚೆಗೆ ಫಿಲ್ಟರ್ ಹಿಡಿತ ತಪ್ಪುವ ಭಯ. ಆದ್ದರಿಂದ ಪ್ರತಿ ಸ್ಯಾಂಪಲ್‌ಗೂ ಈ ಮೂರು ಸಾಲನ್ನು ಎರಡೆರಡು ಸಲ ಓಡಿಸುವ ರೂಢಿ ಬಂತು; ಮಿತಿ 14,700 ಹರ್ಟ್ಸ್‌ಗೆ ಏರಿತು. ಹಾಗೆ ಓಡಿಸಿದರೂ ಗುಣಾಕಾರ ಆರೇ.

ಇನ್ನೊಂದು ದಿಕ್ಕಿನಿಂದ ಇದೇ ಸತ್ಯದ ಬಳಿಗೆ ಬಂದವರು ಕ್ಯಾಲಿಫೋರ್ನಿಯಾದ ಇ-ಮ್ಯೂ ಕಂಪನಿಯ ಡೇವ್ ರಾಸಮ್. ಪ್ರಾಫೆಟ್-5 ವಾದ್ಯದ ಮೊದಲ ಮಾದರಿಗಳಲ್ಲಿದ್ದ ಎಸ್ಎಸ್ಎಂ 2040 ಎಂಬ ಅನಲಾಗ್ ಫಿಲ್ಟರ್ ಚಿಪ್ ಅವರದೇ ವಿನ್ಯಾಸ. ಅನಲಾಗ್‌ನ ಸುಖ ಬಲ್ಲವರು ಡಿಜಿಟಲ್‌ಗೆ ಇಳಿದಾಗ ಎಲ್ಲಿ ನೋವು ಎಂದು ಅವರಿಗೆ ತಕ್ಷಣ ಗೊತ್ತಾಯಿತು. 1991ರಲ್ಲಿ ಅವರು ‘ಆರ್ಮಡಿಲೋ’ ಎಂದು ಹೆಸರಿಟ್ಟ ಒಂದು ಪದ್ಧತಿಯನ್ನು ಮಂಡಿಸಿದರು. ಸಹಗುಣಕಗಳನ್ನು ಇದ್ದಂತೆ ಇಡದೆ, ಕಿವಿಯ ಅಳತೆಗೆ ಹತ್ತಿರವಾದ ಲಾಗರಿತಮ್ ಬಗೆಯ ಸಂಕೇತದಲ್ಲಿ ಇಡುವುದು. ಆ ಸಂಕೇತಗಳ ನಡುವೆ ನೇರ ಗೆರೆ ಎಳೆದರೆ ಸಾಕು, ಕಿವಿಗೆ ಸಮನಾದ ಸ್ಥಾಯಿಗಳ ಚಲನೆಯಾಗಿಯೇ ಕೇಳುತ್ತದೆ. ಇಂಥ ಚಿಂತನೆಯಿಂದ ಬಂದದ್ದು 1993ರ ಇ-ಮ್ಯೂ ಮಾರ್ಫಿಯಸ್. ಅದರ 14 ಪೋಲ್‌ಗಳ (ಒಂದು ಪೋಲ್ ಎಂದರೆ ಏಣಿಯ ಒಂದು ಮೆಟ್ಟಿಲಿನಷ್ಟು ಸೋಸುವಿಕೆ) ‘ಝಡ್-ಪ್ಲೇನ್’ ಫಿಲ್ಟರ್ ಒಂದು ಆಕಾರದಿಂದ ಇನ್ನೊಂದಕ್ಕೆ, ಸ್ವರ ನುಡಿಯುತ್ತಿರುವಾಗಲೇ, ಕರಗಿ ಹರಿಯುತ್ತಿತ್ತು. ಅನಲಾಗ್‌ನಲ್ಲಿ ಮಾಡಲಾಗದ್ದನ್ನು ಡಿಜಿಟಲ್ ಫಿಲ್ಟರ್ ಮಾಡಿ ತೋರಿಸಿದ ಮೊದಲ ಸಂದರ್ಭಗಳಲ್ಲಿ ಇದೊಂದು. ಅಂದು ಕೊಂಡವರು ಕಡಿಮೆ, ಮೆಚ್ಚಿದವರು ಇಂದಿಗೂ ಇದ್ದಾರೆ.

ಅಷ್ಟರಲ್ಲಿ ಚಿಪ್‌ಗಳೂ ಬೆಳೆದಿದ್ದವು. ಗುಣಿಸಿ ಕೂಡುವುದನ್ನು ಒಂದೇ ಏಟಿಗೆ ಮಾಡುವ ಮೊಟೊರೋಲಾ ಡಿಎಸ್‌ಪಿ 56001 ಮಾರುಕಟ್ಟೆಗೆ ಬಂದದ್ದು 1987ರಲ್ಲಿ. 24 ಬಿಟ್‌ಗಳು, ಸೆಕೆಂಡಿಗೆ ಸುಮಾರು ಒಂದು ಕೋಟಿ ಆದೇಶ. 44,100ರಿಂದ ಭಾಗಿಸಿದರೆ ಒಂದು ಸ್ಯಾಂಪಲ್‌ಗೆ 226 ಆದೇಶಗಳು ಸಿಗುತ್ತವೆ. ಇಷ್ಟರಲ್ಲಿ ಆಸಿಲೇಟರ್, ಫಿಲ್ಟರ್, ಧ್ವನಿ ಏರಿಳಿತ ಎಲ್ಲವೂ, ಅದೂ ಎಲ್ಲ ಸ್ವರಗಳಿಗೂ! ಈ ಸರಣಿಯ ಚಿಪ್‌ಗಳನ್ನು ನಂಬಿಯೇ ಸ್ವೀಡನ್ನಿನ ಕ್ಲೇವಿಯಾ 1995ರಲ್ಲಿ ನಾರ್ಡ್ ಲೀಡ್ ಎಂಬ ಕೆಂಪು ಕೀಬೋರ್ಡ್ ತಂದಿತು. ಏಕಕಾಲಕ್ಕೆ ನಾಲ್ಕೇ ಸ್ವರ. ಆದರೆ ಮುಖದ ತುಂಬ ನಾಬ್‌ಗಳು, ಯಾವುದನ್ನು ತಿರುಗಿಸಿದರೂ ಸದ್ದು ತಕ್ಷಣ, ನಯವಾಗಿ ಸ್ಪಂದಿಸುತ್ತಿತ್ತು. ‘ವರ್ಚುವಲ್ ಅನಲಾಗ್’ ಎಂಬ ಮಾತು ರೂಢಿಗೆ ಬಂದದ್ದು ಈ ವಾದ್ಯದಿಂದ. ಅದೇ ದೇಶದ ಪ್ರೊಪೆಲರ್‌ಹೆಡ್ ಎಂಬ ಸಂಸ್ಥೆ ಸ್ವಲ್ಪವೇ ಸಮಯದಲ್ಲಿ ‘ರೀಬರ್ತ್’ ಎಂಬ ತಂತ್ರಾಂಶ ಬಿಟ್ಟಿತು. ಚರಣ್‌ಜಿತ್ ಸಿಂಗ್ ಬಳಸಿದ್ದ ಟಿಬಿ-303 ಮತ್ತು ಟಿಆರ್-808 ಎರಡೂ ಮನೆಯ ಕಂಪ್ಯೂಟರಿನ ಪರದೆಯ ಮೇಲೆ ಬಂದವು. ಮೌಸ್‌ನಿಂದ ಕಟ್‌ಆಫ್ ಎಳೆಯಬಹುದಾಯಿತು.

ಹೊರಗೆ ಯಶಸ್ಸು ಕಾಣುತ್ತಿದ್ದಾಗ ಒಳಗೆ ಇನ್ನೊಂದು ಗಂಟು ಬಿಚ್ಚದೆ ಉಳಿದಿತ್ತು. ಸ್ಟ್ಯಾನ್‌ಫರ್ಡಿನ ಟಿಮ್ ಸ್ಟಿಲ್ಸನ್ ಮತ್ತು ಜೂಲಿಯಸ್ ಸ್ಮಿತ್ 1996ರಲ್ಲಿ ಮೂಗ್ ಏಣಿಯನ್ನೇ ಅಂಕಿಗಳಿಗೆ ಇಳಿಸುವ ಬಗೆಯನ್ನು ಕೂಲಂಕಷವಾಗಿ ಪರಿಶೀಲಿಸಿದರು. ಏಣಿಯಲ್ಲಿ ರೆಸೊನೆನ್ಸ್ ಬರುವುದು ಕೊನೆಯ ಮೆಟ್ಟಿಲಿನ ಸದ್ದನ್ನು ಮತ್ತೆ ಮೊದಲಿಗೆ ಕೊಡುವುದರಿಂದ. ವಿದ್ಯುತ್ತಿಗೆ ಇದು ಆ ಕ್ಷಣದಲ್ಲೇ ಸಾಧ್ಯ. ಅಂಕಿಗಳಿಗೆ ಹಾಗಲ್ಲ, ಕೊನೆಯದು ಗೊತ್ತಾಗದೆ ಮೊದಲನೆಯದನ್ನು ಲೆಕ್ಕ ಹಾಕಲಾಗದು, ಮೊದಲನೆಯದಿಲ್ಲದೆ ಕೊನೆಯದಿಲ್ಲ. ಹಿಂದಿನ ಸ್ಯಾಂಪಲ್‌ನ ಉತ್ತರವನ್ನು ಬಳಸಿಕೊಂಡರೆ ಲೆಕ್ಕವೇನೋ ನಡೆಯುತ್ತದೆ. ಆದರೆ ಆ ಒಂದು ಸ್ಯಾಂಪಲ್‌ನ ತಡ ಕಟ್‌ಆಫ್ ಏರಿದಂತೆಲ್ಲ ದೊಡ್ಡದಾಗಿ ಕಾಡುತ್ತದೆ. ಶ್ರುತಿ ಜಾರುತ್ತದೆ. ಕಟ್‌ಆಫ್ ತಿರುಗಿಸಿದರೆ ರೆಸೊನೆನ್ಸ್ ತಾನಾಗಿ ಬದಲಾಗುತ್ತದೆ. ಬೇರೆಬೇರೆ ಇರಬೇಕಾದ ಎರಡು ನಾಬ್‌ಗಳು ಒಂದಕ್ಕೊಂದು ಅಂಟಿಕೊಂಡವು. ತಿದ್ದುಪಡಿಯ ಕೋಷ್ಟಕಗಳನ್ನು ಮೊದಲೇ ಬರೆದಿಟ್ಟುಕೊಂಡು ನಿಭಾಯಿಸುವುದು ಒಂದು ದಾರಿಯಾಗಿತ್ತು.

2004ರಲ್ಲಿ ಫಿನ್‌ಲ್ಯಾಂಡಿನ ಆಂಟಿ ಹುವೊವಿಲೈನೆನ್ ಏಣಿಯ ಪ್ರತಿ ಮೆಟ್ಟಿಲಿನಲ್ಲೂ ಟ್ರಾನ್ಸಿಸ್ಟರಿನ ವಕ್ರ ಸ್ವಭಾವವನ್ನು ಸೇರಿಸಿದರು. ಜೋರು ಸದ್ದು ಕೊಟ್ಟಾಗ ಅನಲಾಗ್ ಫಿಲ್ಟರ್ ಉಬ್ಬಿ ಬೆಚ್ಚಗಾಗುವ ಗುಣ ಅಂಕಿಗಳಿಗೂ ಬಂತು. ಲೆಕ್ಕದ ಖರ್ಚು ಮತ್ತೆ ಏರಿತು. ತಡದ ಗಂಟನ್ನು ಹೆಚ್ಚು ಜನರಿಗೆ ಮುಟ್ಟುವಂತೆ ಬಿಚ್ಚಿ ತೋರಿಸಿದ ಕೀರ್ತಿ ವಾದಿಮ್ ಜವಾಲಿಶಿನ್ ಅವರದು. ಬರ್ಲಿನ್ನಿನ ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿದ್ದ ಅವರು 2012ರಲ್ಲಿ ‘ದಿ ಆರ್ಟ್ ಆಫ್ ವಿಎ ಫಿಲ್ಟರ್ ಡಿಸೈನ್’ ಎಂಬ ಇಡೀ ಪುಸ್ತಕವನ್ನು ಉಚಿತವಾಗಿ ಓದಲು ಬಿಟ್ಟರು. ಅವರ ಮಾತು ಸರಳ. ಅನಲಾಗ್ ಸರ್ಕಿಟ್‌ನ ರಚನೆಯನ್ನು ಸಮೀಕರಣವಾಗಿ ಕಲಸಿಬಿಡಬೇಡಿ, ಇದ್ದ ಹಾಗೆಯೇ ಉಳಿಸಿಕೊಳ್ಳಿ. ಇಂಟಿಗ್ರೇಟರ್‌ಗಳನ್ನು ಮಾತ್ರ ಅಂಕಿ ರೂಪಕ್ಕೆ ಬದಲಿಸಿ. ಮೊದಲು ಯಾವುದು ಎಂಬ ತೊಡಕನ್ನು ಬೀಜಗಣಿತದಿಂದ ಬಿಡಿಸಿ. ಕೊನೆಯಲ್ಲಿ ಉಳಿಯುವುದು ಒಂದು ಭಾಗಾಕಾರ, ಜೊತೆಗೆ ಕಟ್‌ಆಫ್ ಅನ್ನು ಪ್ರತಿನಿಧಿಸುವ ಒಂದೇ ಟ್ಯಾಂಜೆಂಟ್ ಬೆಲೆ. ಚೇಂಬರ್ಲಿನ್ನರ ಎಫ್ ನಿಲ್ಲುತ್ತಿದ್ದ ಜಾಗದಲ್ಲೇ ಅದು ನಿಲ್ಲುತ್ತದೆ, ಆದರೆ ಆರನೇ ಒಂದರ ಮಿತಿ ಇಲ್ಲ. ಪ್ರತಿ ಸ್ಯಾಂಪಲ್‌ನಲ್ಲೂ ಬದಲಿಸಿದರೂ ಫಿಲ್ಟರ್ ಕಂಗೆಡುವುದಿಲ್ಲ. ಆಸ್ಟ್ರೇಲಿಯಾದ ಆ್ಯಂಡ್ರೂ ಸಿಂಪರ್ ಇದೇ ಜಾಡಿನಲ್ಲಿ ಸ್ಟೇಟ್ ವೇರಿಯಬಲ್ ಫಿಲ್ಟರಿನ ಸಿದ್ಧ ಸೂತ್ರಗಳನ್ನು ಬರೆದು ಹಂಚಿದರು. ಇಂದಿನ ಎಷ್ಟೋ ಸಿಂಥ್ ತಂತ್ರಾಂಶಗಳ ಒಳಗೆ ಆ ಸೂತ್ರಗಳ ವಂಶವಿದೆ. ದೊಡ್ಡ ಕಂಪನಿಗಳು ಗುಟ್ಟಾಗಿ ಇಟ್ಟುಕೊಳ್ಳಬಹುದಾಗಿದ್ದ ಜ್ಞಾನವನ್ನು ಇವರು ಬಯಲಿಗಿಟ್ಟದ್ದು ದೊಡ್ಡ ಮನಸ್ಸಿನ ಕೆಲಸ.

ಟ್ಯಾಂಜೆಂಟ್ ಮತ್ತು ಎರಡರ ಘಾತದ ಖರ್ಚು ಮಾತ್ರ ಉಳಿದೇ ಇದೆ. ಅದಕ್ಕೆ ಇರುವ ಉಪಾಯಗಳು ಹಳೆಯವು: ಮೊದಲೇ ಬರೆದಿಟ್ಟ ಕೋಷ್ಟಕ ನೋಡುವುದು, ಇಲ್ಲವೇ ಕಿವಿಗೆ ಸಾಕಾಗುವಷ್ಟು ನಿಖರವಾದ ಚಿಕ್ಕ ಬಹುಪದಿಯಿಂದ ಅಂದಾಜಿಸುವುದು. ಎಷ್ಟು ತಪ್ಪನ್ನು ಕಿವಿ ಕ್ಷಮಿಸುತ್ತದೆ ಎಂಬುದು ಕಟ್‌ಆಫ್ ಎಲ್ಲಿಂದ ಚಲಿಸುತ್ತಿದೆ ಎಂಬುದರ ಮೇಲೆ ನಿಂತಿದೆ. ಕೈಯ ತಿರುವಿಗೆ 64 ಸ್ಯಾಂಪಲ್‌ಗೊಮ್ಮೆ ಲೆಕ್ಕ ಹಾಕಿದರೂ ಸಾಕು. ಕೇಳುವ ಆವರ್ತನದ ಇನ್ನೊಂದು ಆಸಿಲೇಟರ್ ಕಟ್‌ಆಫ್ ಅನ್ನು ಅಲುಗಿಸುವಾಗ ಮಾತ್ರ ಒಂದೊಂದು ಸ್ಯಾಂಪಲ್‌ನ ಬೆಲೆಯೂ ಬೇಕು, ಏಕೆಂದರೆ ಆಗ ಕಟ್‌ಆಫ್‌ನ ಚಲನೆಯೇ ಹೊಸ ಅನುಸ್ವರಗಳನ್ನು ಹುಟ್ಟಿಸುತ್ತದೆ.

ಈ ಇಡೀ ಚರಿತ್ರೆ ಈಗ ಅಂಗೈಗಿಂತ ಚಿಕ್ಕದಾದ ‘ಟೀನ್ಸಿ’ ಬೋರ್ಡಿನಲ್ಲಿ ಓಡುತ್ತದೆ. ಅಮೆರಿಕದ ಪಾಲ್ ಸ್ಟಾಫ್ರೆಗನ್ ಅದಕ್ಕಾಗಿ ಬರೆದು ಎಲ್ಲರಿಗೂ ತೆರೆದಿಟ್ಟ ಆಡಿಯೋ ಲೈಬ್ರರಿಯಲ್ಲಿ ಚೇಂಬರ್ಲಿನ್ನರ ಮೂರು ಸಾಲುಗಳಿವೆ, ಪ್ರತಿ ಸ್ಯಾಂಪಲ್‌ಗೂ ಎರಡೆರಡು ಸಲ. ಸದ್ದು 128 ಸ್ಯಾಂಪಲ್‌ಗಳ ಕಟ್ಟಾಗಿ ಸಾಗುತ್ತದೆ, ಆದರೆ ಕಟ್‌ಆಫ್‌ನ ನಿಯಂತ್ರಣಕ್ಕೆ ಬೇರೆಯೇ ಒಂದು ಒಳದಾರಿಯಿದೆ. ಅಲ್ಲಿಗೆ ಬೇರೊಂದು ಸದ್ದನ್ನು ಕೊಟ್ಟರೆ ಕಟ್‌ಆಫ್ ಸ್ಯಾಂಪಲ್ ಸ್ಯಾಂಪಲ್‌ಗೂ ಬದಲಾಗುತ್ತದೆ. ಬದಲಾವಣೆಯ ಹರವನ್ನು ಹೇಳುವುದು ಮೂಗ್ ಅವರ ಪದ್ಧತಿಯಂತೆ ಸ್ಥಾಯಿಗಳಲ್ಲಿ, ಸುಮಾರು ಏಳರವರೆಗೆ. ಎರಡರ ಘಾತವನ್ನು ನಿಖರವಾಗಿ ಹುಡುಕಬೇಕೋ, ಬೇಗ ಅಂದಾಜಿಸಬೇಕೋ ಎಂಬ ಆಯ್ಕೆಯನ್ನು ಪ್ರೋಗ್ರಾಮಿನ ಆರಂಭದ ಒಂದು ಸಾಲಿನಲ್ಲಿ ಬಳಸುವವರಿಗೇ ಬಿಟ್ಟಿದ್ದಾರೆ.